ಚುಕ್ಕಿಯ ಬೆನ್ನು

ನನ್ನ ಬಲಗೈ ಹೆಬ್ಬೆರಳಿನ ಉಗುರಿನ ಮೇಲೆ ಎಳ್ಳುಕಾಳಿನಷ್ಟು ಅಗಲದ ಒಂದು ಹೊಂಬಣ್ಣದ ಗೆರೆ ಇದೆ. ಡಿಸೆಂಬರಿನಲ್ಲಿ ಅದು ಉಗುರಿನ ನಡುವೆ ಇತ್ತು, ಈಗ ತುದಿಯ ಕಡೆಗೆ ಹೊರಟಿದೆ. ಸಾಬೂನು, ಹುಣಸೆಹಣ್ಣು, ಪಾತ್ರೆ ತಿಕ್ಕುವ ಪುಡಿ ಯಾವುದಕ್ಕೂ ಅದು ಜಗ್ಗಲಿಲ್ಲ. ಇನ್ನು ಹದಿನೈದು ದಿನಕ್ಕೆ ನೇಲ್ ಕಟರಿಗೆ ಸಿಗುತ್ತದೆ. ಅಷ್ಟರೊಳಗೆ ಅದರ ವಿಷಯ ಬರೆದುಬಿಡೋಣ ಎಂದು ಕುಳಿತಿದ್ದೇನೆ.

ಮೊನ್ನೆ ಕ್ಲಾಸಿನಲ್ಲಿ ಮೊದಲ ಬೆಂಚಿನ ಹುಡುಗಿ, "ಮಿಸ್, ಒಂದೇ ಉಗುರಿಗೆ ಪಾಲಿಶ್ ಹಚ್ಚೂದು ಈಗಿನ ಫ್ಯಾಷನ್ನೇನ್ರಿ?" ಎಂದು ಕೇಳಿದಳು. ನಾನು ಹಲಗೆಯ ಕಡೆ ತಿರುಗಿ ಸಮೀಕರಣದ ಉಳಿದರ್ಧವನ್ನು ಬರೆದೆ. ಡಿಗ್ರಿ ಕಾಲೇಜಿನಲ್ಲಿ ಗಣಿತ ಕಲಿಸುವುದರಿಂದ ಇದೊಂದು ಅನುಕೂಲ: ಉತ್ತರ ಕೊಡಲು ಮನಸ್ಸಿಲ್ಲದಾಗ ಹಲಗೆಯ ಮೇಲೆ ಏನಾದರೂ ಬರೆಯುವುದು ಬಾಕಿ ಇದ್ದೇ ಇರುತ್ತದೆ. ನನ್ನ ಮೌನವನ್ನು ವಿದ್ಯಾರ್ಥಿಗಳು ಶಿಸ್ತು ಎಂದುಕೊಂಡಿದ್ದಾರೆ. ಅವ್ವ ಅದನ್ನು ಸೊಕ್ಕು ಎನ್ನುತ್ತಾಳೆ. ಹೆಣ್ಣು ನೋಡಲು ಬಂದವರ ಮುಂದೆ ಮಾತ್ರ "ನಮ್ಮ ಹುಡುಗೀದು ಮಾತು ಕಮ್ಮಿ, ಕೆಲಸ ಚೊಕ್ಕ" ಎಂದು ಅದೇ ಗುಣಕ್ಕೆ ರೇಷ್ಮೆ ಉಡಿಸಿ ತೋರಿಸುತ್ತಾಳೆ.

ಈ ಗುಣವನ್ನು ಗುಣವೆಂದೇ ಮೊದಲು ಗುರುತಿಸಿದವರು ಸುವಾರ್ತಮ್ಮ ಟೀಚರ್. ಕಲಬುರಗಿಯ ಗಾಜಿಪುರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಎದೆಯೆತ್ತರದ ಒಂದು ಗೋಡೆ ಇದೆ. ಮೂರನೆಯ ತರಗತಿಯಲ್ಲಿ ನನಗೆ ಮಗ್ಗಿ ಕಲಿಸಿದವರು ಅವರೇ. ನಿವೃತ್ತರಾಗಿ ಬಹಳ ವರ್ಷವಾದರೂ ಮಗನ ಸಂಸಾರ, ಮೊಮ್ಮಕ್ಕಳ ಗದ್ದಲದ ನಡುವೆ ಇಡೀ ಓಣಿಗೆ ಅವರು ಇಂದಿಗೂ ಟೀಚರ್. ಡಿಸೆಂಬರ್ ಮಧ್ಯದ ಒಂದು ಮುಂಜಾನೆ, ಎಲ್ಲರೂ ಸ್ವೆಟರಿನೊಳಗೆ ಕುತ್ತಿಗೆ ಹುದುಗಿಸಿಕೊಂಡಿರುವ ಹೊತ್ತಿನಲ್ಲಿ, ಅವರು ಗೋಡೆಯ ಹತ್ತಿರ ಬಂದು ದನಿ ತಗ್ಗಿಸಿದರು.

"ಮಾದೇವಿ, ಒಂದು ಕೆಲಸ ಅದ. ಮಾತು ಹೊರಗ ಹೋಗಬಾರದು."

"ನನ್ನ ಮಾತು ಮನಿ ಒಳಗೇ ಸರಿಯಾಗಿ ಬರಂಗಿಲ್ಲ ಅಂತಾಳ್ರಿ ನಮ್ಮವ್ವ."

"ಅದಕ್ಕೇ ನಿನಗ ಕರದೀನಿ."

ವಿಷಯ ಇಷ್ಟು. ಅವರ ಚರ್ಚಿನಲ್ಲಿ ಕ್ರಿಸ್‌ಮಸ್ಸಿಗೆ ಛಾವಣಿಯ ಉದ್ದಕ್ಕೂ ದಾರ ಕಟ್ಟಿ ಕಾಗದದ ಚುಕ್ಕಿಗಳನ್ನು, ಎಂದರೆ ನಕ್ಷತ್ರಗಳನ್ನು, ತೂಗಬಿಡುತ್ತಾರೆ. ಅರವತ್ತು ಚುಕ್ಕಿ, ಎಲ್ಲವೂ ಹೊಂಬಣ್ಣದವು. ಟೀಚರ್ ಮದುವೆಯಾಗಿ ಈ ಊರಿಗೆ ಬಂದ ವರ್ಷದಿಂದ ಅವನ್ನು ಮಡಚುವ ಕೆಲಸ ಅವರದೇ. ಕ್ವಾಯರಿನಲ್ಲಿ ಹಾಡುತ್ತಿದ್ದರು, ದನಿ ಒಡೆದ ಮೇಲೆ ಬೇರೆಯವರು ಬಂದರು. ಭಾನುವಾರದ ಮಕ್ಕಳ ತರಗತಿ ನಡೆಸುತ್ತಿದ್ದರು, ಅದಕ್ಕೆ ಈಗ ಬಿ.ಎಡ್. ಆದ ಹುಡುಗಿ ಇದ್ದಾಳೆ. ಉಳಿದದ್ದು ಚುಕ್ಕಿ ಮಾತ್ರ. ದಸರೆಯ ಹೊತ್ತಿಗೆ ಬಚ್ಚಲಲ್ಲಿ ಜಾರಿ ಬಿದ್ದು ಅವರ ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ಮರಳಿ ಬಂತು, ಬೆರಳುಗಳು ಬರಲಿಲ್ಲ. ಚಮಚ ಹಿಡಿದರೆ ಚಮಚ, ಗುಂಡಿ ಹಾಕಿಕೊಂಡರೆ ಗುಂಡಿ ಜಾರುತ್ತಿತ್ತು.

"ಕಮಿಟಿ ಸೆಕ್ರೆಟರಿ ಪ್ರಭುದಾಸ ಬಂದಿದ್ದ. ಟೀಚರ್, ಈ ವರ್ಷ ಆರಾಮ ಕೂಡ್ರಿ, ಹೈದರಾಬಾದಿಂದ ಪ್ಲಾಸ್ಟಿಕ್ಕಿನವು ತರಸ್ತೀವಿ, ಒಳಗ ಲೈಟ್ ಸುದ್ದಾ ಇರ್ತದ ಅಂದ. ನಾ ಏನಂದೆ ಗೊತ್ತದೇನು? ಅರವತ್ತೂ ಆಗ್ಯಾವಪ್ಪ, ಡಬ್ಬ್ಯಾಗ ಇಟ್ಟೀನಿ ಅಂದೆ."

"ಎಷ್ಟು ಆಗ್ಯಾವ್ರಿ?"

"ಡಬ್ಬಿ ಅದ."

ಅವರೇ ಮುಂದುವರಿಸಿದರು. "ಸುಳ್ಳು ಹೇಳೀನಿ, ಖರೇ. ದೇವರ ಮುಂದ ಒಪ್ಪಿಕೊಂಡೀನಿ. ಕಮಿಟಿ ಮುಂದ ಒಪ್ಪಿಕೊಳ್ಳೂದು ನನ್ನಿಂದ ಆಗಂಗಿಲ್ಲ. ಒಮ್ಮೆ ಪ್ಲಾಸ್ಟಿಕ್ ಮ್ಯಾಲೇರಿತಂದ್ರ ಇಳ್ಯಂಗಿಲ್ಲ, ಮಾದೇವಿ. ಅದು ಹರಿಯಂಗಿಲ್ಲ ನೋಡು. ಆಮ್ಯಾಲ ನಾ ಚರ್ಚಿಗಿ ಹೋಗೂದು ಬರೇ ಕೂಡ್ಲಾಕ."

ಹೀಗೆ ನಾನು, ಕೊರಳಲ್ಲಿ ಲಿಂಗವಿರುವವಳು, ರೋಜಾ ದರ್ಗಾದ ದಾರಿಯ ಅಂಗಡಿಯಲ್ಲಿ ಚರ್ಚಿಗೆಂದು ಜರಿಕಾಗದ ಕೊಳ್ಳಲು ನಿಂತೆ. ಅಂಗಡಿಯವರಿಗೆ ಗಿರಾಕಿಯ ಉದ್ದೇಶ ತಿಳಿಯದೆ ಕಾಗದ ಕತ್ತರಿಸುವ ಅಭ್ಯಾಸವಿಲ್ಲ.

"ಶಾದಿಗೇನ್ರಿ ಮೇಡಂ?"

"ಅಲ್ಲ."

"ಉರುಸಿಗೇನು? ಅದಕ್ಕ ಇನ್ನಾ ಟೈಮ್ ಅದ."

"ಅಲ್ಲ."

"ಹಂಗಾರ ಕಾಲೇಜ್ ಪ್ರಾಜೆಕ್ಟ್."

ನಾನು ಸುಮ್ಮನಿದ್ದೆ. ಅವರಿಗೆ ಸಮಾಧಾನವಾಯಿತು. ಕಾಲೇಜ್ ಪ್ರಾಜೆಕ್ಟ್ ಎಂದರೆ ಕಲಬುರಗಿಯಲ್ಲಿ ಎಂಥ ವಿಚಿತ್ರ ಖರೀದಿಗೂ ಮಾಫಿ ಇದೆ.

ಇಂಥ ಕಾಗದದ ಕೆಲಸಕ್ಕೆ ಜಪಾನಿನವರು ಒರಿಗಾಮಿ ಎನ್ನುತ್ತಾರೆಂದು ನಾನು ತಿಳಿದದ್ದು ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ, ಮೊಬೈಲಿನಿಂದ. ಆ ವೀಡಿಯೋಗಳಲ್ಲಿ ಎರಡು ಕೈ ಮಾತ್ರ ಕಾಣಿಸುತ್ತವೆ. ಮುಖವಿಲ್ಲ, ಮಾತಿಲ್ಲ, ಹೆಸರಿಲ್ಲ. ಇಷ್ಟು ಸಭ್ಯವಾದ ಕಲೆ ಇನ್ನೊಂದಿಲ್ಲ ಎಂದು ಆಗ ನನಗನಿಸಿತ್ತು. ಆದರೆ ನನ್ನ ಕೈಗೆ ಮಡಿಕೆ ಕಲಿಸಿದ್ದು ಜಪಾನ್ ಅಲ್ಲ, ಕಮಲಾಪುರ.

ಕಮಲಾಪುರದಲ್ಲಿ ಬಸ್ಸುಗಳು ನಿಲ್ಲುವ ಕಡೆ ನಮ್ಮ ಮುತ್ಯಾನ, ಎಂದರೆ ಅವ್ವನ ಅಪ್ಪನ, ಕಿರಾಣಿ ಅಂಗಡಿ ಇತ್ತು. ಬಾಗಿಲಲ್ಲಿ ಆ ಊರಿನ ಕೆಂಪು ಬಾಳೆಯ ಗೊನೆ ತೂಗಾಡುತ್ತಿತ್ತು. ಹೊರಊರಿನವರು ಅದನ್ನು ಹಣ್ಣಾಗಿದೆಯೋ ಕೊಳೆತಿದೆಯೋ ಎಂದು ಅನುಮಾನದಿಂದ ನೋಡುತ್ತಿದ್ದರು. ಮುತ್ಯಾ ಒಂದನ್ನು ಸುಲಿದು ಅವರ ಕೈಗಿಟ್ಟು ಮಾತಿಲ್ಲದೆ ಕಾಯುತ್ತಿದ್ದ. ನನ್ನ ಮೌನ ಆ ಕಡೆಯಿಂದ ಬಂದದ್ದು ಎಂದು ಅವ್ವನಿಗೂ ಗೊತ್ತಿದೆ, ತನ್ನ ತವರಿನ ವಿಷಯವಾದ್ದರಿಂದ ಹೇಳುವುದಿಲ್ಲ. ಬೇಸಿಗೆ ರಜೆಯಲ್ಲಿ ನಾನು ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತು ಪುಡಿ ಕಟ್ಟುತ್ತಿದ್ದೆ. ಪುಡಿ ಎಂದರೆ ಸಾಸಿವೆ, ಜೀರಿಗೆ, ಸಕ್ಕರೆ ಕಟ್ಟಿಕೊಡುವ ಪೇಪರಿನ ಪೊಟ್ಟಣ. ಬೇರೆ ಅಂಗಡಿಗಳಲ್ಲಿ ಅದಕ್ಕೆ ದಾರ ಸುತ್ತುತ್ತಿದ್ದರು. ಮುತ್ಯಾನ ಲೆಕ್ಕದಲ್ಲಿ ದಾರ ಎಂದರೆ ಸೋಲು. ಬಲಗೈಯಲ್ಲಿ ತಕ್ಕಡಿ ಹಿಡಿದಿರುವಾಗಲೇ ಅವನ ಎಡಗೈ ಪೇಪರನ್ನು ಮಡಚಿ, ಕೊನೆಯ ಬಾಲವನ್ನು ಎರಡು ಸುತ್ತು ಒಳಗೆ ತುರುಕಿ ಮುಗಿಸುತ್ತಿತ್ತು. ಎಳೆಯ ಬೆರಳಿಗೆ ಅದು ಸಾಧ್ಯವಿಲ್ಲದ್ದರಿಂದ ನಾನು ಎರಡೂ ಕೈ ಬಳಸಿ ಕಲಿತೆ.

ಪರೀಕ್ಷೆಯೂ ಇತ್ತು. ನಾನು ಕಟ್ಟಿದ ಪುಡಿಯನ್ನು ಮುತ್ಯಾ ಎದುರಿನ ಗೋಡೆಗೆ ಎಸೆಯುತ್ತಿದ್ದ. ಒಡೆಯದಿದ್ದರೆ ಒಂದು ಪೆಪ್ಪರಮೆಂಟು. ಒಡೆದರೆ, ಚೆಲ್ಲಿದ ಸಾಸಿವೆಯನ್ನು ಒಂದೊಂದಾಗಿ ಆರಿಸಬೇಕು. ನಾನು ಇಂದು ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ದಶಾಂಶ ಬಿಂದು ಹುಡುಕುವುದನ್ನು ಕಂಡು ಸಹೋದ್ಯೋಗಿಗಳು ಬೆರಗಾಗುತ್ತಾರೆ. ಅವರು ನೆಲದಿಂದ ಸಾಸಿವೆ ಆರಿಸಿದವರಲ್ಲ.

ಟೀಚರ ಚುಕ್ಕಿಗೆ ಎರಡು ಚೌಕ ಕಾಗದ ಬೇಕು. ಒಂದೊಂದರಲ್ಲಿ ನಾಲ್ಕು ಮೂಲೆಯ ಚುಕ್ಕಿ ಮಾಡಿ, ಒಂದರ ಮೇಲೊಂದು ಓರೆಯಾಗಿಟ್ಟು, ಬೆನ್ನ ಹಿಂದೆ ಉಳಿದ ತುದಿಗಳನ್ನು ಅಂಟಿನಿಂದ ಕೂಡಿಸಿದರೆ ಎಂಟು ಮೂಲೆಯದಾಗುತ್ತದೆ. ನಾನು ಅಳತೆಪಟ್ಟಿ ಇಟ್ಟು ಚೌಕ ಕತ್ತರಿಸಿದೆ, ಹೆಬ್ಬೆರಳಿನ ಉಗುರಿನಿಂದ ಪ್ರತಿ ಮಡಿಕೆಗೂ ಇಸ್ತ್ರಿ ಮಾಡಿದೆ; ಜರಿಯ ಬಣ್ಣ ಉಗುರಿಗೆ ಹತ್ತಿದ್ದು ಆಗಲೇ. ಕಾಲೇಜಿನಿಂದ ಬಂದು ಸಂಜೆಯ ಚಹದಿಂದ ಅವ್ವ ರೊಟ್ಟಿ ಬಡಿಯುವವರೆಗೆ ಇದೇ ಕೆಲಸ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಮನಿ ಮುಂದ ರಂಗೋಲಿ ಹಾಕು ಅಂದ್ರ ನಡ ನೋಯ್ತದ ಅಂತಿ. ಇದಕ್ಕ ನಡ ಬ್ಯಾಡೇನು?"

"ಇದು ಕೂತು ಮಾಡೂದು."

"ಯಾರಿಗಿ ಇವು?"

ಹಲಗೆ ಹತ್ತಿರವಿರಲಿಲ್ಲ. ನಾನು ಇನ್ನೊಂದು ಚೌಕ ಕತ್ತರಿಸಿದೆ.

ಮೂರನೆಯ ದಿನ ಇಪ್ಪತ್ತು ಚುಕ್ಕಿಗಳನ್ನು ಸೆರಗಿನಂತೆ ದುಪಟ್ಟಾದಲ್ಲಿ ಮುಚ್ಚಿಕೊಂಡು ಟೀಚರ ಮನೆಗೆ ಹೋದೆ. ಅವರು ಮಂಚದ ಮೇಲೆ ಸಾಲಾಗಿ ಹರವಿಸಿ, ಚಷ್ಮಾ ಏರಿಸಿ ನೋಡಿದರು. ಮುಖ ಬಾಡಿತು.

"ಇವು ನನ್ನವಲ್ಲ ಅಂತ ಯಾರಾದ್ರೂ ಹೇಳ್ತಾರ."

"ಯಾಕ್ರಿ?"

"ಚಂದ ಅದಾವ."

ಆಮೇಲೆ ತಿಳಿಯಿತು. ಟೀಚರ ಚುಕ್ಕಿಯಲ್ಲಿ ಒಂದು ಮೂಲೆ ಯಾವಾಗಲೂ ಉದ್ದ. ಇಡೀ ಚರ್ಚಿಗೆ ಅದರ ಪರಿಚಯವಿದೆ. "ಬೆತ್ಲೆಹೇಮಿನ ದಾರಿ ತೋರಸ್ಲಾಕ ಕೈ ಚಾಚ್ಯಾದ ಅಂತ ಹುಡುಗ್ರಿಗಿ ಹೇಳ್ತಿದ್ದೆ. ಖರೇ ಅಂದ್ರ ನನಗ ಅಳತಿ ಬರ್ತಿರ್ಲಿಲ್ಲ."

ಎಂ.ಎಸ್ಸಿ.ಯಲ್ಲಿ ಜ್ಯಾಮಿತಿಗೆ ಪೂರ್ಣ ಅಂಕ ಪಡೆದವಳಿಗೆ ಹೀಗೆ ತಪ್ಪು ಮಾಡುವ ಮನೆಪಾಠ ಶುರುವಾಯಿತು. ನಾನು ಯೋಚಿಸಿ, ಪ್ರತಿ ಚುಕ್ಕಿಯ ಒಂದು ಮೂಲೆಯನ್ನು ಮೂರು ಮಿಲಿಮೀಟರ್ ಉದ್ದ ಬಿಟ್ಟೆ. ಹತ್ತು ಮಾಡಿ ತೋರಿಸಿದೆ. ಟೀಚರ್ ಈ ಸಲ ನಕ್ಕರು.

"ಸೊಟ್ಟ ಆಗ್ಯಾವ. ಆದ್ರ ಎಲ್ಲಾ ಒಂದೇ ಅಳತೀಲೆ ಸೊಟ್ಟ ಆಗ್ಯಾವ. ಪೊಲೀಸ್ರ ಪರೇಡಿನಾಗ ಎಲ್ಲಾರೂ ಕೂಡಿ ಕುಂಟಿದಂಗ ಕಾಣ್ತದ."

"ಮತ್ತ ಹ್ಯಾಂಗ ಮಾಡ್ಲಿರಿ?"

"ಕೈ ನೋಡಬ್ಯಾಡ. ನನ್ನ ಮಾರಿ ನೋಡು, ನಾ ಮಾತಾಡ್ತೀನಿ. ನೀ ಮಡಚು."

ಅವರು ಮಾತಾಡಿದರು. ಮೂರನೆಯ ತರಗತಿಯಲ್ಲಿ ನಾನು ಹದಿಮೂರರ ಮಗ್ಗಿ ತಪ್ಪಿದಾಗ ಅಳುವ ಬದಲು ಕಿಟಕಿಯ ಸರಳು ಎಣಿಸುತ್ತಿದ್ದೆನಂತೆ. ನನಗೆ ನೆನಪಿಲ್ಲ, ಆದರೆ ನಂಬದಿರಲು ಕಾರಣವೂ ಇಲ್ಲ. ನಾನು ನಕ್ಕಾಗಲೆಲ್ಲ ಒಂದು ಮೂಲೆ ಉದ್ದವಾಯಿತು. ಅರವತ್ತು ಚುಕ್ಕಿಗಳು ಅರವತ್ತು ಬಗೆಯಲ್ಲಿ ಕೆಟ್ಟವು. ಟೀಚರ್ ಒಂದೊಂದನ್ನೂ ಎದುರಿನಿಂದ ನೋಡಿ ತಲೆಯಾಡಿಸಿ ಡಬ್ಬಿಗೆ ಹಾಕಿದರು. ಎದುರಿನಿಂದ ಎಂಬುದನ್ನು ನೆನಪಿಡಿ. ಬೆನ್ನನ್ನು ಅವರೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಕ್ರಿಸ್‌ಮಸ್ ದಿನ ನಾನೂ ಚರ್ಚಿಗೆ ಹೋಗಬೇಕೆಂದು ಟೀಚರ ಆಗ್ರಹ. ಹೊರಡುವಾಗ ಅವ್ವ ಅಡುಗೆಮನೆಯಿಂದಲೇ ಹೇಳಿದಳು, "ಕಡೀ ಸಾಲು ಕೂಡು. ಮ್ಯಾಲ ನೋಡಕೋತ ಕೂಡಬ್ಯಾಡ, ಸಿಕ್ಕಿ ಬೀಳ್ತಿ."

"ನಿನಗ ಯಾರು ಹೇಳಿದ್ರು?"

"ಗ್ವಾಡಿ ಎದಿ ಮಟ ಅದ. ನನ್ನ ಕಿವಿ ಅದರ ಮ್ಯಾಲ ಅದಾವ."

ಕೊನೆಯ ಸಾಲಿನಲ್ಲಿ ಕುಳಿತೆ. ಮೇಲೆ ನೋಡಬಾರದೆಂದರೂ ನೋಡಿದೆ. ಕಿಟಕಿಯ ಬಿಸಿಲಿಗೆ ಅರವತ್ತು ಚುಕ್ಕಿಗಳು ತಮ್ಮ ಉದ್ದನೆಯ ಒಂದೊಂದು ಮೂಲೆಯನ್ನು ಅರವತ್ತು ದಿಕ್ಕಿಗೆ ಚಾಚಿ ತಿರುಗುತ್ತಿದ್ದವು. ಅವುಗಳ ದಾರಿ ಹಿಡಿದವರು ಬೆತ್ಲೆಹೇಮನ್ನು ಎಂದೂ ಮುಟ್ಟುತ್ತಿರಲಿಲ್ಲ. ಆದರೂ ಚೆನ್ನಾಗಿದ್ದವು. ಪ್ರಸಂಗದ ಕೊನೆಗೆ ಪಾದ್ರಿಯವರು, "ಪ್ರತಿ ವರ್ಷದಂತೆ ಈ ವರ್ಷವೂ ನಮ್ಮ ಸುವಾರ್ತಮ್ಮ ಟೀಚರ್ ತಮ್ಮ ಸ್ವಂತ ಕೈಯಿಂದ" ಎಂದು ಶುರುಮಾಡಿದರು. ಚಪ್ಪಾಳೆಯಾಯಿತು. ಟೀಚರ್ ಮೊದಲ ಸಾಲಿನಲ್ಲಿ ಎದ್ದು ನಿಂತರು, ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಎಡಗೈಯನ್ನು ಎದೆಗಿಟ್ಟು, ಒಂದಿಷ್ಟೂ ಅಳುಕದೆ ತಲೆಬಾಗಿದರು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಹೆಸರಿಲ್ಲದ ಕೈಗಳನ್ನು ಮೆಚ್ಚಿದವಳು ನಾನು. ಆ ಚಪ್ಪಾಳೆಯ ಹೊತ್ತಿಗೆ ನನ್ನ ಎದೆಯೊಳಗೆ ಗುಂಡುಸೂಜಿಯಷ್ಟು ಏನೋ ಚುಚ್ಚಿತು. ಪಕ್ಕದಲ್ಲಿದ್ದ ಅಪರಿಚಿತ ಅಜ್ಜಿಯ ಕಿವಿಯಲ್ಲಿ "ಅದರ ಇಸ್ತ್ರಿ ನೋಡ್ರಿ" ಎನ್ನಬೇಕೆನಿಸಿತು. ಎನ್ನಲಿಲ್ಲ. ಸಭ್ಯತೆಯಿಂದಲೋ, ಅಭ್ಯಾಸಬಲದಿಂದಲೋ ಈಗಲೂ ತಿಳಿಯದು.

ಕೊನೆಯ ಹಾಡಿಗೆ ಎಲ್ಲರೂ ಎದ್ದಾಗ ಒಂದು ದಾರ ಹರಿಯಿತು. ಚುಕ್ಕಿ ತಿರುಗುತ್ತ ಇಳಿದು, ಪ್ರಭುದಾಸರ ತೆರೆದ ಹಾಡಿನ ಪುಸ್ತಕದ ಮೇಲೆ ಬೆನ್ನು ಮೇಲಾಗಿ ಬಿತ್ತು. ಅವರು ಹಾಡುವುದನ್ನು ನಿಲ್ಲಿಸಲಿಲ್ಲ. ಆದರೆ ಪುಟವನ್ನೂ ತಿರುವಲಿಲ್ಲ.

ಆರಾಧನೆ ಮುಗಿದು ಅಂಗಳದಲ್ಲಿ ಚಹ, ಕೇಕು, ಚಕ್ಕುಲಿ ನಡೆದಿದ್ದಾಗ ಪ್ರಭುದಾಸರು ನೇರವಾಗಿ ಅಲ್ಲಿದ್ದ ಒಂದೇ ಹೊಸ ಮುಖವಾದ ನನ್ನ ಬಳಿ ಬಂದರು. ಐವತ್ತು ದಾಟಿದ, ತಾಳ್ಮೆಯ ಮುಖದ ಮನುಷ್ಯ. ಕೈಯಲ್ಲಿ ಚುಕ್ಕಿ ಇತ್ತು.

"ನೀವು ಯಾರ ಪೈಕಿ ರೀ?"

ನಮ್ಮ ಕಡೆ ಈ ಪ್ರಶ್ನೆಯೊಳಗೆ ಊರು, ಮನೆತನ, ಹೊಲದ ಮಣ್ಣಿನ ಬಣ್ಣ ಎಲ್ಲವೂ ಇರುತ್ತವೆ. ಸುಮ್ಮನಿದ್ದು ತಪ್ಪಿಸಿಕೊಳ್ಳಲಾಗದ ಏಕೈಕ ಪ್ರಶ್ನೆ ಅದು.

"ಟೀಚರ ಬಾಜೂ ಮನಿಯವರು."

"ಮೂಲ ಊರು?"

"ಅವ್ವನ ತವರು ಕಮಲಾಪುರ. ಅಂಗಡಿ ಶಿವಶರಣಪ್ಪನವರ ಮೊಮ್ಮಗಳು."

ಪ್ರಭುದಾಸರು ಚುಕ್ಕಿಯನ್ನು ಒಮ್ಮೆ ತೂಗಿ ನೋಡಿ ಎದುರಿನ ಗೋಡೆಗೆ ಎಸೆದರು. ಅದು ಬಡಿದು ನೆಲಕ್ಕೆ ಬಿತ್ತು. ಒಡೆಯಲಿಲ್ಲ. ಎತ್ತಿಕೊಂಡು ಬಂದು ಬೆನ್ನು ತೋರಿಸಿದರು. ಅಂಟು ಹಚ್ಚಬೇಕಾದ ಕಡೆ ಅಂಟಿರಲಿಲ್ಲ. ಕಾಗದದ ಬಾಲ ಎರಡು ಸುತ್ತು ತಿರುಗಿ ಒಳಗೆ ಸೇರಿಕೊಂಡಿತ್ತು. ಎದುರಿಗೆ ಅರವತ್ತು ಬಗೆಯ ತಪ್ಪನ್ನು ಬೆವರು ಸುರಿಸಿ ಕಲಿತವಳು, ಹಿಂದುಗಡೆ ಅರವತ್ತಕ್ಕೂ ಮುತ್ಯಾನ ಪುಡಿಯ ಬಾಲ ತುರುಕಿದ್ದೆ. ಅಂಟಿನ ಬಾಟಲಿ ಮುಚ್ಚಳ ತೆಗೆಯದೆ ಉಳಿದದ್ದು ನನಗೆ ಆಗಲೇ ಹೊಳೆದದ್ದು.

"ನಮ್ಮದೂ ಕಮಲಾಪುರಽ ರೀ," ಎಂದರು ಅವರು. "ಸಣ್ಣಾಂವ ಇದ್ದಾಗ ದಿನಾ ಸಂಜಿಕಿ ನಿಮ್ಮ ಅಂಗಡಿಗಿ ನಾನೇ ಹೋಗ್ತಿದ್ದೆ. ಜೀರಗಿ ಪುಡಿ ಮ್ಯಾಲ ಹಾರಸಿ ಹಿಡಕೋತ ಮನಿಗಿ ಬರ್ತಿದ್ದೆ, ಒಂದಿನಾನೂ ಒಡೀಲಿಲ್ಲ. ಏನ್ ಕೈರೀ ನಿಮ್ಮ ಮುತ್ಯಾನವು. ತಕ್ಕಡಿ ಕೆಳಗಿಡ್ತಿರ್ಲಿಲ್ಲ, ಎಡಗೈ ಒಂದರಲೇ ಕಟ್ಟತಿದ್ದ. ಅದನ್ನ ನೋಡ್ಲಾಕಽ ನಿಂದರ್ತಿದ್ದೆವು."

ಅಂಗಳದ ಆಚೆ ಹೆಂಗಸರ ನಡುವೆ ಕುಳಿತಿದ್ದ ಟೀಚರ್ ನಮ್ಮಿಬ್ಬರ ಕಡೆ ನೋಡುತ್ತಿದ್ದರು. ಎಡಗೈಯಲ್ಲಿ ಹಿಡಿದ ಚಹದ ಕಪ್ಪು ಬಾಯಿಗೂ ಹೋಗಿರಲಿಲ್ಲ, ಬಶಿಗೂ ಇಳಿದಿರಲಿಲ್ಲ.

"ಕಮಿಟಿಗಿ ಹೇಳ್ತೀರೇನ್ರಿ?" ಎಂದು ಕೇಳಿದೆ. ಅಪರಿಚಿತರೊಬ್ಬರಿಗೆ ನಾನೇ ಮೊದಲಾಗಿ ಪ್ರಶ್ನೆ ಕೇಳಿದ್ದು ಎಷ್ಟು ವರ್ಷದ ಮೇಲೋ.

"ಹೇಳಿ ಏನ್ ಮಾಡ್ಲಿ? ಟೀಚರ ಕೈ ಬಂದಿಲ್ಲಂತ ನನಗ ಸಂಶಯ ಇತ್ತು. ಹಾಡಿನ ಪುಸ್ತಕ ಎಡಗೈಲೇ ತಿರುವ್ತಾರ. ಅದಕ್ಕ ಪ್ಲಾಸ್ಟಿಕ್ಕಿನವು ತರಸೇ ಇಟ್ಟೀನಿ, ಒಳಗ ಬೀರುವಿನ್ಯಾಗ ಅದಾವ. ಅವರ ಡಬ್ಬಿ ಬರ್ಲಿಲ್ಲಂದ್ರ ಹಬ್ಬದ ದಿನ ಮಂದಿ ಮುಂದ ಅವರ ಮಾರಿ ಸಣ್ಣ ಆಗಬಾರದು." ಅವರು ಚುಕ್ಕಿಯ ಬಾಲವನ್ನು ಬೆರಳಿನಿಂದ ಸವರಿದರು. "ಈ ವರ್ಷ ನಾ ಏನೂ ನೋಡಿಲ್ಲ. ಆದ್ರ ಮುಂದಿನ ವರ್ಷ ನೀವು ಮದುವ್ಯಾಗಿ ಹೋದ್ರ? ಬೀರು ತೆಗೀಲೇಬೇಕಾಗ್ತದ."

ನನ್ನ ಮದುವೆಯ ವಿಷಯ ಕಲಬುರಗಿಯಲ್ಲಿ ನನ್ನೊಬ್ಬಳನ್ನು ಬಿಟ್ಟು ಉಳಿದವರೆಲ್ಲರ ಯೋಜನೆಯಲ್ಲೂ ಇದೆ.

ಮನೆಗೆ ಬರುವ ದಾರಿಯಲ್ಲಿ ಆಟೋದಲ್ಲಿ ಟೀಚರ್ ಬಹಳ ಹೊತ್ತು ಸುಮ್ಮನಿದ್ದರು. ಇಬ್ಬರು ಸುಮ್ಮನಿರುವವರು ಒಂದೇ ಆಟೋದಲ್ಲಿರುವುದು ಎಷ್ಟು ಕಷ್ಟ ಎಂದು ಅಂದು ನನಗೆ ಗೊತ್ತಾಯಿತು. ಅವ್ವನ ಮೇಲೆ ಸ್ವಲ್ಪ ಕನಿಕರವೂ ಬಂತು.

"ಗೊತ್ತಾಗ್ಯದ, ಹೌದಿಲ್ಲೋ?"

"ಹೌದ್ರಿ. ಹೇಳಂಗಿಲ್ಲ ಅಂದ್ರು."

"ಅಂವ ಒಳ್ಳೆಯಾಂವ. ಅದಽ ಕಷ್ಟ." ಅವರು ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು, ಯಾರೋ ಇಟ್ಟುಹೋದ ಸಾಮಾನಿನಂತೆ. "ಚಪ್ಪಾಳಿ ಆದಾಗ ನಿನ್ನ ಹೆಸರು ಹೇಳಬೇಕಂತ ಬಾಯಿ ಮಟ ಬಂದಿತ್ತು, ಮಾದೇವಿ. ಹೇಳಿದ್ರ ಅದೇ ಕಡೀ ಚಪ್ಪಾಳಿ ಆಗ್ತಿತ್ತು. ನುಂಗಿಬಿಟ್ಟೆ."

ನನ್ನೊಳಗಿನ ಗುಂಡುಸೂಜಿ ಎಲ್ಲಿ ಹೋಯಿತೋ. ನಾನು ಅವರ ಕೈ ನೋಡುತ್ತಿದ್ದೆ. ಬಲಗೈಯನ್ನಲ್ಲ, ಆಟೋದ ಸರಳನ್ನು ಬಿಗಿಯಾಗಿ ಹಿಡಿದಿದ್ದ ಎಡಗೈಯನ್ನು. ಪ್ರಭುದಾಸರು ಮುತ್ಯಾನ ಎಡಗೈ ಬಗ್ಗೆ ಹೇಳಿದ್ದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯ. ಎಲ್ಲ ರಜೆಯಲ್ಲೂ ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತು ಅದನ್ನು ನೋಡಿದ್ದೆ. ಅಷ್ಟು ದಿನ ಟೀಚರ ಎದುರು ಕುಳಿತು ಎರಡು ಕೈಯಿಂದ ಮಡಚುವಾಗ ಒಮ್ಮೆಯೂ ಅದು ನೆನಪಿಗೆ ಬಂದಿರಲಿಲ್ಲ. ಓದಿದವರಿಗೆ ಇದು ಹೊಸ ಕಾಯಿಲೆಯಲ್ಲ.

ಮರುದಿನ ಬೆಳಿಗ್ಗೆ ಟೀಚರ ಮನೆಯಿಂದ ಬಂದಿದ್ದ ಕೇಕಿನ ತಟ್ಟೆ ಮರಳಿಸುವುದಿತ್ತು. ತಟ್ಟೆಯನ್ನು ಬರಿದು ಕಳಿಸಬಾರದೆಂದು ಅವ್ವ ಅದರಲ್ಲಿ ಶೇಂಗಾ ಹೋಳಿಗೆ ಇಟ್ಟಳು. ನಾನು ಅದರ ಪಕ್ಕದಲ್ಲಿ ಹಳೆಯ ಪೇಪರಿನ ಕೆಲವು ಚೌಕಗಳನ್ನೂ ಒಂದು ಬಟ್ಟಲು ಸಾಸಿವೆಯನ್ನೂ ಇಟ್ಟುಕೊಂಡೆ. "ಸಾಸಿವಿ ಯಾಕ?" ಎಂದು ಅವ್ವ ಕೇಳಿದಳು. "ಮುತ್ಯಾಂದು," ಎಂದೆ. ಅವಳು ಬಟ್ಟಲಿಗೆ ಇನ್ನೊಂದು ಹಿಡಿ ಸುರಿದಳು.

ಟೀಚರ ಮೇಜಿನ ಎದುರು ಕುಳಿತು ನನ್ನ ಬಲಗೈಯನ್ನು ತೊಡೆಯ ಕೆಳಗೆ ಇಟ್ಟು, ಅದರ ಮೇಲೆ ಕುಳಿತುಕೊಂಡೆ. ಎಡಗೈಯಿಂದ ಪೇಪರ್ ಎಳೆದು ಸಾಸಿವೆ ಸುರಿದೆ. ಮಡಿಕೆ ಓರೆಯಾಯಿತು. ಬಾಲ ಒಂದೇ ಸುತ್ತು ಹೋಯಿತು. ನಾನು ಕಟ್ಟಿದ ಪುಡಿಯನ್ನು ಟೀಚರ್ ಎತ್ತಿ, ನಿನ್ನೆ ಪ್ರಭುದಾಸರು ಮಾಡಿದಂತೆಯೇ, ಗೋಡೆಗೆ ಎಸೆದರು. ಅದು ಒಡೆಯಿತು. ಸಾಸಿವೆ ಮಂಚದ ಕೆಳಗಿನವರೆಗೂ ಉರುಳಿತು.

ಇಬ್ಬರೂ ನೆಲದ ಮೇಲೆ ಕುಳಿತು ಒಂದೊಂದಾಗಿ ಆರಿಸಿದೆವು, ಎಡಗೈಯಿಂದ. ಆರಿಸಿ ಮುಗಿಯುವ ಮೊದಲೇ ಟೀಚರ್ ಎದ್ದು ಎರಡನೆಯ ಪೇಪರನ್ನು ತಮ್ಮ ಕಡೆಗೆ ಎಳೆದುಕೊಂಡರು.